ಉಕ್ಕಿನ ಸ್ಟ್ರಾಬೆರಿ, ಏಳು ಖಾನೆಯ ಕೆಲಸದಾಕಿ

ಹುಬ್ಬಳ್ಳಿಯಲ್ಲಿ ಇದ್ದುಕೊಂಡು ಫ್ರೆಂಚ್ ಬಲ್ಲವಳಾಗಿದ್ದರೆ ದಿನಾ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಸುಮ್ಮನೆ ಕೂತರೂ ಅದು ವಿಳಾಸ ಕೇಳಿಕೊಂಡು ಮನೆಗೇ ಬರುತ್ತದೆ.

ವಿದ್ಯಾನಗರದ ಒಂದು ಕಾಲೇಜಿನಲ್ಲಿ ಬಹಳ ವರ್ಷ ಫ್ರೆಂಚ್ ಕಲಿಸಿದೆ. ಫ್ರೆಂಚಿಗೆ ಮಾರ್ಕ್ಸು ಪುಕ್ಕಟೆ ಬೀಳುತ್ತವೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರಿಂದ ಮಕ್ಕಳು ಬರುತ್ತಿದ್ದರು. ಪೇಪರು ತಿದ್ದುವವಳು ನಾನೇ ಎಂದು ತಿಳಿದ ಮೇಲೆ ಬರುವುದನ್ನು ನಿಲ್ಲಿಸಿದರು. ಕಾಲೇಜಿನವರೂ ಫ್ರೆಂಚನ್ನು ನಿಲ್ಲಿಸಿದರು. ಹಾಗೆ ಮನೆಯಲ್ಲಿ ಕೂತಿದ್ದಾಗ ಗೋಕುಲ ರೋಡಿನ ಒಂದು ಕಾರ್ಖಾನೆ ನನ್ನನ್ನು ಹಿಡಿದುಕೊಂಡಿತು. ಯಂತ್ರಗಳ ಫ್ರೆಂಚ್ ಕಾಗದಗಳನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸ. ನಾನು ಓದಿದ್ದು ಕವಿತೆ, ಕಾದಂಬರಿ. ಸಿಕ್ಕಿದ್ದು ನಟ್ಟು, ಬೋಲ್ಟು.

ಬಂದರಿನಲ್ಲಿ ಹಣ್ಣು

ಬೇಸಿಗೆಯ ಒಂದು ಬೆಳಿಗ್ಗೆ ಮನೆ ಮುಂದೆ ಕಾರು ನಿಂತಿತು. ಇಳಿದವರು ಕಾರ್ಖಾನೆಯ ಸಾಹುಕಾರರು. ಹಿಂದೆ ಫೋನು ಹಿಡಿದುಕೊಂಡು ಅವರ ತಂಗಿಯ ಮಗ. ಮನೆತನದ್ದು ಹತ್ತಿ ವ್ಯಾಪಾರ. ಇವರು ಮಾತ್ರ ಹತ್ತಿ ಸಾಕು, ಉಕ್ಕು ಮಾಡೋಣ ಎಂದು ಹೊರಟವರು. ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತು, "ಬಾಯಾರ, ನಮ್ಮ ಸ್ಟ್ರಾಬೆರಿ ಮುಂಬಯಿ ಬಂದರಿನ್ಯಾಗ ಸಿಕ್ಕೊಂಡಾವ್ರಿ. ನೀವಽ ಬಿಡಿಸಿ ಕೊಡಬೇಕು" ಅಂದರು.

"ನನಗ ಹಣ್ಣಿನ ವ್ಯಾಪಾರ ಗೊತ್ತಿಲ್ರೀ."

"ಹಣ್ಣಲ್ರಿ ಬಾಯಾರ, ಉಕ್ಕಿನವು."

ವಿಷಯ ನಿಧಾನವಾಗಿ ಹೊರಬಂತು. ಫ್ರಾನ್ಸಿನಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆಯ ಯಂತ್ರಗಳನ್ನೆಲ್ಲ ಇವರು ಇಡಿಯಾಗಿ ಕೊಂಡಿದ್ದರು. ಸಾಮಾನಿನ ಪಟ್ಟಿ ಫ್ರೆಂಚಿನಲ್ಲಿತ್ತು. ತಂಗಿಯ ಮಗ ಅದನ್ನು ಫೋನಿನ ಬಾಯಿಗೆ ಹಾಕಿ, ಹೊರಗೆ ಬಂದ ಇಂಗ್ಲಿಷನ್ನು ಹಾಗೇ ಬಂದರಿಗೆ ಕಳಿಸಿಬಿಟ್ಟಿದ್ದ. ನಾನು ಓದಿದೆ. ಸ್ಟ್ರಾಬೆರಿ, ನಲವತ್ತು. ಮರ, ಆರು. ಚಿಟ್ಟೆ, ಒಂದು ಡಬ್ಬಿ. ಮಿಡತೆ, ಹನ್ನೆರಡು. ಗೊಂಬೆ, ಓಡಾಡುವಂಥದ್ದು, ಒಂದು.

ಹಣ್ಣಿನ ಸರ್ಟಿಫಿಕೇಟು ಎಲ್ಲಿ, ಮರಗಳಿಗೆ ರೋಗವಿಲ್ಲ ಎಂಬ ಪತ್ರ ಎಲ್ಲಿ ಎಂದು ಬಂದರಿನ ಅಧಿಕಾರಿ ಕೇಳಿದ್ದರು. ಕೇಳಬೇಕಾದದ್ದೇ. ಮಿಡತೆಗಳು ಜೀವಂತ ಇವೆಯೋ ಸತ್ತಿವೆಯೋ ಎಂದೂ ಕೇಳಿದ್ದರಂತೆ.

"ನೀವೇನು ಹೇಳಿದ್ರಿ?" ಎಂದೆ ತಂಗಿಯ ಮಗನಿಗೆ.

"ಸುಳ್ಳ್ಯಾಕ ಹೇಳೂದು ಅಂತ, ಸತ್ತಾವ್ರಿ ಅಂದೆ."

ನಾನು ನಿಘಂಟು ತೆಗೆದೆ. ಫ್ರೆಂಚಿನಲ್ಲಿ 'ಫ್ರೇಜ್' ಅಂದರೆ ಸ್ಟ್ರಾಬೆರಿಯೂ ಹೌದು, ಉಕ್ಕನ್ನು ಕೆರೆಯುವ ಹಲ್ಲಿನ ಕಟ್ಟರೂ ಹೌದು. ಅವರ ಮರವೆಂದರೆ ಯಂತ್ರದ ಶಾಫ್ಟು. ಚಿಟ್ಟೆಯೆಂದರೆ ಕಿವಿ ಇರುವ ನಟ್ಟು. ಮಿಡತೆ ಒಂದು ಬಗೆಯ ಕ್ಲಾಂಪು. ಓಡಾಡುವ ಗೊಂಬೆ, ಲೇತ್ ಯಂತ್ರದಲ್ಲಿ ಸಾಮಾನಿನ ಆಚೆ ತುದಿಯನ್ನು ಹಿಡಿದು ನಿಲ್ಲುವ ಭಾಗ. ಹೊಸ ಪಟ್ಟಿ ಬರೆದುಕೊಟ್ಟೆ. ಸಾಮಾನು ಬಿಡುಗಡೆಯಾಯಿತು.

ಆದರೆ ಲಾರಿಯವನ ಕೈಯಲ್ಲಿ ಹಳೆಯ ಪಟ್ಟಿಯೇ ಇತ್ತು. ಹಣ್ಣು ಕೆಡಬಾರದೆಂದು ಅವನು ಕಟ್ಟರುಗಳನ್ನೆಲ್ಲ ಥಂಡಿ ಗಾಡಿಯಲ್ಲಿ ತುಂಬಿಕೊಂಡು ಬಂದಿದ್ದ. ಉರಿಬಿಸಿಲಲ್ಲಿ ಬಾಗಿಲು ತೆರೆದರೆ ಹೊಗೆಯಂಥ ಮಂಜು. ಒಳಗೆ ನಲವತ್ತು ಉಕ್ಕಿನ ಕಟ್ಟರು ತಣ್ಣಗೆ ಮಲಗಿದ್ದವು. ಸಾಹುಕಾರರು ಬೆವರು ಒರೆಸಿಕೊಳ್ಳುತ್ತ ನೋಡಿದರು.

"ನಾ ಹುಟ್ಟಿದಾಗಿಂದ ಇಲ್ಲೀತನಕ ಮುಂಬಯಿಯಿಂದ ಎಸಿ ಗಾಡ್ಯಾಗ ಬಂದಿಲ್ಲ ಬಾಯಾರ. ಇವು ಬಂದಾವ ನೋಡ್ರಿ!"

ಒಳಗಿನ ಮರ, ಹೊರಗಿನ ಮರ

ಯಂತ್ರಗಳು ತಿರುಗತೊಡಗಿದ ಮೇಲೆ ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡರು. ಮೊದಲ ದಿನ ಗೇಟಿನ ಹತ್ತಿರ ಏಣಿ ಕಂಡಿತು. ಏಣಿಯ ಮೇಲೆ ವಾಚ್‌ಮನ್. ಬೇವಿನ ಮರದ ಕಾಂಡಕ್ಕೆ ಎರಡೂ ಕೈಯಿಂದ ಗ್ರೀಸು ಸವರುತ್ತಿದ್ದ.

"ಏನ್ ಮಾಡಾಕತ್ತೀರಿ?"

"ಬೋರ್ಡಿನ್ಯಾಗ ಬರದಾರಲ್ರೀ" ಎಂದು ಗೋಡೆ ತೋರಿಸಿದ.

ನಾನು ಸೇರುವ ಮೊದಲೇ ತಂಗಿಯ ಮಗ ಯಂತ್ರಗಳ ಫ್ರೆಂಚ್ ಸೂಚನೆಗಳನ್ನು ಫೋನಿನಲ್ಲಿ ಕನ್ನಡ ಮಾಡಿ ಗೋಡೆಗೋಡೆಗೂ ಹಚ್ಚಿದ್ದ. ಇದರಲ್ಲಿ ಹೀಗಿತ್ತು: 'ವಾರಕ್ಕೊಮ್ಮೆ ಮರಕ್ಕೆ ಗ್ರೀಸು ಹಚ್ಚಬೇಕು. ಮರದಿಂದ ಸಪ್ಪಳ ಬಂದರೆ ಕೂಡಲೇ ಮೇಲಿನವರಿಗೆ ತಿಳಿಸಬೇಕು.'

"ಸಪ್ಪಳಾನೂ ಬರತೈತ್ರಿ" ಎಂದ ವಾಚ್‌ಮನ್. "ಮುಂಜಾನೆ ಗಿಳಿ ಕುಂದರತಾವು. ದಿನಾ ಹೋಗಿ ತಿಳಸ್ತೇನಿ. ಯಾರೂ ಏನೂ ಮಾಡವಲ್ರು."

ಒಳಗೆ, ನಿಜವಾದ ಶಾಫ್ಟು ಗ್ರೀಸಿಲ್ಲದೆ ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತಿತ್ತು. ನಾನು ವಾಚ್‌ಮನ್‌ಗೆ ಎಲ್ಲ ಬಿಡಿಸಿ ಹೇಳಿದೆ. ಫ್ರೆಂಚರು ಮರ ಅನ್ನುವುದು ಆ ತಿರುಗುವ ಕಬ್ಬಿಣಕ್ಕೆ, ಈ ಬೇವಿಗಲ್ಲ. ಅವನು ಗಂಭೀರವಾಗಿ ಕೇಳಿಸಿಕೊಂಡ.

"ಅಂದ್ರ ಇದಕ್ಕ ಹಚ್ಚೂದು ಬಿಡಬೇಕೇನ್ರಿ?"

"ಬಿಡ್ರಿ."

"ಆಗಂಗಿಲ್ರಿ ಬಾಯಾರ. ಗ್ರೀಸು ಹಚ್ಚಿದಾಗಿಂದ ಗಿಡಕ್ಕ ಇರುವಿ ಏರೂದು ಬಂದ್ ಆಗೇತಿ. ಇದರ ಬುಡಕಽ ನಾವೆಲ್ಲಾ ಊಟಕ್ಕ ಕುಂದರತೇವಿ. ಒಳಗಿನ ಮರಕ್ಕ ಇರುವಿ ಹತ್ತತಾವೇನು, ನೀವಽ ಹೇಳ್ರಿ?"

ಮರುದಿನದಿಂದ ಸ್ಟೋರಿನಲ್ಲಿ ಎರಡು ಗ್ರೀಸಿನ ಡಬ್ಬಿ ಇಟ್ಟರು. ಒಂದರ ಮೇಲೆ 'ಒಳಗಿನ ಮರ', ಇನ್ನೊಂದರ ಮೇಲೆ 'ಹೊರಗಿನ ಮರ'. ಹೊರಗಿನದೇ ಬೇಗ ಖಾಲಿಯಾಗುತ್ತದೆ.

ಹಂಸ ಹೋಗಿ ಬಾತುಕೋಳಿ

ಇನ್ನು ಫೋನಿನ ಇಂಗ್ಲಿಷು ಸಾಕು, ಸರಿಯಾದ ಇಂಗ್ಲಿಷಿನಲ್ಲಿ ಎಲ್ಲ ಯಂತ್ರಗಳ ಬಿಡಿಭಾಗಗಳ ಹೆಸರು ಬರೆಯಿರಿ ಎಂದರು ಸಾಹುಕಾರರು. ನಾನು ತಿಂಗಳುಗಟ್ಟಲೆ ಕೂತು, ಇಂಜಿನಿಯರುಗಳನ್ನು ಕೇಳಿ ಕೇಳಿ, ಒಂದೂ ತಪ್ಪಿಲ್ಲದ ಹಾಗೆ ಬರೆದುಕೊಟ್ಟೆ. ಸಾಹುಕಾರರು ಕನ್ನಡಕ ಏರಿಸಿ ಓದತೊಡಗಿದರು.

"ಇದೇನ್ರಿ ಇದು, ಡಾಗ್?"

"ಲೇತಿನ್ಯಾಗ ಸಾಮಾನು ಹಿಡಕೊಂಡು ತಿರುಗಸೂದು. ಇಂಗ್ಲಿಷಿನ್ಯಾಗ ಅದಕ್ಕ ಡಾಗ್ ಅಂತಾರ್ರಿ."

"ನಾಯಿ. ಸರಿ. ಇದು ವರ್ಮ್?"

"ಅದೊಂದು ನಮೂನಿ ಗೇರ್‍ರಿ."

"ಹುಳ. ಇದು ಕ್ರೋ ಬಾರ್. ಕಾಗಿ. ಇದು ಮಂಕಿ ವ್ರೆಂಚ್. ಮಂಗ್ಯಾ." ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಮ್ಮ ಹುಡುಗ ಬರದಾಗ ಚಿಟ್ಟಿ, ಮಿಡಚಿ ಇದ್ವು. ನೀವು ಬರದ್ರ ನಾಯಿ, ಮಂಗ್ಯಾ ಬಂದಾವು. ಅವಾ ಫುಕಟ್ ಬರದಿದ್ದ ಬಾಯಾರ. ನಿಮಗ ಪಗಾರ ಕೊಡಾಕತ್ತೇನಿ."

ಅದೇ ಸರಿಯಾದ ಇಂಗ್ಲಿಷು ಎಂದು ಮಿಸ್ತ್ರಿ ಚಾಚಾನನ್ನು ಕರೆಸಿ ಸಾಕ್ಷಿ ಹೇಳಿಸಿದೆ. ಚಾಚಾ ಹಳೇ ಹುಬ್ಬಳ್ಳಿಯವನು, ನಮ್ಮ ವರ್ಕ್‌ಶಾಪಿನ ಮುಖ್ಯ ಮೆಕ್ಯಾನಿಕ್. "ಹೌದ್ರಿ ಸಾವ್ಕಾರ್ರ, ಖರೇನಽ ನಾಯಿ" ಅಂದ. ಸಾಹುಕಾರರು ಒಪ್ಪಿ ಮುಂದಕ್ಕೆ ಓದಿದರು. ಒಂದು ಸಾಲಿಗೆ ಬಂದು ಬೆರಳು ನಿಂತಿತು.

"ಈ ಡೊಂಕು ಪೈಪಿಗೆ ಗೂಸ್ ನೆಕ್ ಅಂತ ಬರದೀರಿ. ಬಾತುಕೋಳಿ ಕುತ್ತಿಗಿ. ಫ್ರೆಂಚಿನ್ಯಾಗೂ ಬಾತುಕೋಳಿನಽ ಏನು?"

"ಇಲ್ರಿ. ಅವರು ಹಂಸದ ಕುತ್ತಿಗಿ ಅಂತಾರ. ಇಂಗ್ಲಿಷಿನವರು ಬಾತುಕೋಳಿ ಅಂತಾರ."

ಸಾಹುಕಾರರ ಮುಖ ಇಳಿಯಿತು. ವ್ಯಾಪಾರಸ್ಥರ ಮನೆತನ, ಎಷ್ಟಾದರೂ.

"ಅಂದ್ರ ನಾವು ರೊಕ್ಕಾ ಕೊಟ್ಟಿದ್ದು ಹಂಸಕ್ಕ. ಹುಬ್ಬಳ್ಳಿ ಮುಟ್ಟೂದರಾಗ ಬಾತುಕೋಳಿ ಆತು. ಹಂಸಾ ನಡುವಽ ಹೊಡಕೊಂಡವರು ಯಾರ್ರಿ?"

ಏಳು ಖಾನೆಯ ಕೆಲಸದಾಕಿ

ನಟ್ಟು ಬಿಗಿಯುವ ಪಾನಾ, ಇಕ್ಕಳ, ಸ್ಕ್ರೂಡ್ರೈವರುಗಳನ್ನು ಇಟ್ಟುಕೊಳ್ಳಲು ಫ್ರೆಂಚರ ಕಾರ್ಖಾನೆಗಳಲ್ಲಿ ಗಾಲಿ ಇರುವ ಒಂದು ಉಕ್ಕಿನ ಕಪಾಟು ಇರುತ್ತದೆ. ಅದಕ್ಕೆ ಅವರು 'ಸೆರ್ವಾಂತ್' ಅನ್ನುತ್ತಾರೆ. ಅಂದರೆ ಮನೆಗೆಲಸದವಳು. ಕರೆದ ಕಡೆ ಬರುತ್ತಾಳೆ, ಕೇಳಿದ್ದು ಕೊಡುತ್ತಾಳೆ ಎಂದಿರಬೇಕು.

ತಂಗಿಯ ಮಗ ಹೊಸದಾಗಿ ಬಂದ ಸಾಮಾನಿನ ಪಟ್ಟಿಯನ್ನು ಫೋನಿನಲ್ಲಿ ಕನ್ನಡ ಮಾಡಿ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದ. 'ಮಾಮಾ ಫ್ರಾನ್ಸಿನಿಂದ ತರಿಸಿದ್ದು: ಕೆಲಸದಾಕಿ, ಒಂದು.' ಸಾಹುಕಾರರ ಹೆಂಡತಿ ಅಲ್ಲಿಯವರೆಗೆ ಓದಿದರು. ಮುಂದೆ ಓದಲಿಲ್ಲ. ಆಟೋ ಹಿಡಿದು ನೇರ ಕಾರ್ಖಾನೆಗೆ ಬಂದರು.

ಸಾಹುಕಾರರು ಬ್ಯಾಂಕಿಗೆ ಹೋಗಿದ್ದರು. ಬಾಗಿಲಲ್ಲಿ ಸಿಕ್ಕವನು ಮಿಸ್ತ್ರಿ ಚಾಚಾ. ಆ ಹೊತ್ತಿಗೆ ಶಾಪಿನಲ್ಲಿ ಎಲ್ಲರೂ ಆ ಕಪಾಟಿಗೆ ಕೆಲಸದಾಕಿ ಎಂದೇ ಕರೆಯುತ್ತಿದ್ದರು.

"ಎಲ್ಲಿ ಅದಾಳ ಆಕಿ?"

"ಯಾರು, ಕೆಲಸದಾಕಿನಾ? ಸಾವ್ಕಾರ್ರ ರೂಮಿನ್ಯಾಗ ಇಟ್ಟೇವ್ರಿ ಅವ್ವಾರ. ಹೊರಗ ಬಿಟ್ರ ಎಲ್ಲಾರೂ ಕೈ ಹಾಕತಾರ."

"ಬಂದು ಎಷ್ಟು ದಿನ ಆತು?"

"ಎಂಟು ದಿನ ಆಗಿರಬೇಕ್ರಿ. ಸಾವ್ಕಾರ್ರಿಗೆ ಬಾಳ ಸೇರಿ ಬಿಟ್ಟಾಳ. ದಿನಾ ತಾವಽ ಕೈಯಾರೆ ಒರಸ್ತಾರ. ಸಂಜೀಕ ಕೀಲಿ ಹಾಕಿ ತಮ್ಮ ಕಿಸೆದಾಗ ಇಟ್ಕೊಂತಾರ."

ಅವ್ವಾರು ಸೆರಗು ಬಿಗಿದುಕೊಂಡರು. "ವಯಸ್ಸೆಷ್ಟು?"

"ವಯಸ್ಸೇನೋ ಆಗೇತ್ರಿ. ಆದ್ರ ಬಣ್ಣ ಹಚ್ಚಿದ ಮ್ಯಾಲ ಏನ್ ಕಾಣತಾಳಂತೀರಿ!"

ನಾನು ಓಡಿಬಂದು ಏನಾದರೂ ಹೇಳುವ ಮೊದಲೇ ಅವ್ವಾರು ರೂಮಿನ ಬಾಗಿಲು ದೂಡಿದ್ದರು. ಒಳಗೆ ಥಳಥಳ ಕೆಂಪು ಕಪಾಟು, ಕೆಳಗೆ ನಾಲ್ಕು ಗಾಲಿ. ಅವ್ವಾರು ಅದರ ಸುತ್ತ ಒಂದು ಸಲ ಬಂದರು. ಒಂದು ಖಾನೆ ಎಳೆದರು. ಬೆಣ್ಣೆಯಲ್ಲಿ ಜಾರಿದ ಹಾಗೆ ಬಂತು. ಇನ್ನೊಂದು ಎಳೆದರು. ಏಳೂ ಎಳೆದರು. ಅಷ್ಟರಲ್ಲಿ ಸಾಹುಕಾರರು ಬಂದು ಬಾಗಿಲಲ್ಲಿ ನಿಂತರು.

"ಇಕೀನ್ನ ಮನಿಗೆ ಕರಕೊಂಡು ಹೊಕ್ಕೇನಿ" ಎಂದರು ಅವ್ವಾರು. ಸಾಹುಕಾರರು ಕಿಸೆಯಿಂದ ಕೀಲಿ ತೆಗೆದುಕೊಟ್ಟರು.

ಈಗ ಅದು ಅವರ ಅಡುಗೆಮನೆಯಲ್ಲಿದೆ. ಮೇಲಿನ ಖಾನೆಗಳಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಕೆಳಗಿನದರಲ್ಲಿ ನಮ್ಮ ದೊಡ್ಡ ಪಾನಾಗಳು ಹಾಗೇ ಉಳಿದುಬಿಟ್ಟಿವೆ. ಯಂತ್ರ ಕೆಟ್ಟಾಗ ಚಾಚಾ ಮನೆಗೆ ಫೋನು ಮಾಡಬೇಕು.

"ಅವ್ವಾರ, ಪಾನಾ ಬೇಕಾಗಿತ್ರಿ. ಮಷೀನ್ ನಿಂತೈತಿ."

"ನಿಲ್ಲಲಿ. ಅಡಗಿ ಆದ ಮ್ಯಾಲ ಬಂದು ಒಯ್ರಿ."

ಆತ್ಮ ಹೋಯಿತು

ಭಾರ ಎತ್ತುವ ಕ್ರೇನಿಗೆ ಉಕ್ಕಿನ ಹಗ್ಗ ಇರುತ್ತದೆ. ಆ ಹಗ್ಗದ ನಟ್ಟನಡುವೆ ಇರುವ ಎಳೆಗೆ ನಾನು ಇಂಗ್ಲಿಷಿನಲ್ಲಿ ಕೋರ್ ಎಂದು ಬರೆದೆ. ಫ್ರೆಂಚಿನಲ್ಲಿ ಏನಂತಾರೆ ಎಂದು ಚಾಚಾ ಕೇಳಿದ. ಆತ್ಮ ಅಂತಾರೆ ಎಂದೆ. ಕೇಳಿದ್ದಕ್ಕೆ ಉತ್ತರ ಕೊಡುವುದು ಮೇಷ್ಟರ ಚಟ. ಆವತ್ತಿನಿಂದ ಚಾಚಾ ಆ ಹಗ್ಗದ ಕೆಳಗೆ ಬೀಡಿ ಸೇದುವುದನ್ನು ಬಿಟ್ಟ.

ಒಂದು ಮುಂಜಾನೆ ಆ ನಡುವಿನ ಎಳೆ ಹರಿಯಿತು. ಚಾಚಾ ಹಗ್ಗದ ವ್ಯಾಪಾರಿಗೆ ಫೋನು ಮಾಡಿದ. "ಸಾವ್ಕಾರ್ರ ಕಡಿಂದ ಮಾತಾಡಾಕತ್ತೇನ್ರಿ. ಇವತ್ತು ಮುಂಜಾನೆ ಆತ್ಮ ಹೋತ್ರಿ. ಬಾಳ ದಿನದಿಂದ ಸೊರಗಿತ್ತು. ಸಾವ್ಕಾರ್ರು ಊಟಾನೂ ಮಾಡಿಲ್ಲ. ಲಗೂ ಬರ್ರಿ."

ವ್ಯಾಪಾರಿ ಪಾಪ, ಅವ್ವಾರೇ ಹೋದರೆಂದುಕೊಂಡು, ಅಂಗಡಿ ಮುಚ್ಚಿ, ಬಿಳಿ ಅಂಗಿ ಹಾಕಿಕೊಂಡು, ದೊಡ್ಡದೊಂದು ಹಾರ ತೆಗೆದುಕೊಂಡು ಬಂದರು. ಸಾಹುಕಾರರ ಎರಡೂ ಕೈ ಹಿಡಿದುಕೊಂಡರು.

"ಹೋಗೂದು ಹೋತು. ಧೈರ್ಯ ತಗೋರಿ."

"ಧೈರ್ಯ ತಗೊಂಡೇನ್ರಿ" ಎಂದರು ಸಾಹುಕಾರರು. "ಆದ್ರ ಸಂಜೀಕ ಹೊಸಾದು ಬೇಕು."

ವ್ಯಾಪಾರಿ ಹಿಡಿದ ಕೈ ಬಿಟ್ಟರು. "ಸಂಜೀಕಾ?"

"ಹೂಂನ್ರಿ. ಇದು ಹೋತು ಅಂತ ಕೆಲಸ ನಿಲ್ಲಸಾಕ ಬರತೈತೇನು? ಹಿಂದಿಂದಕ್ಕಿಂತ ಸ್ವಲ್ಪ ದಪ್ಪಂದು ನೋಡ್ರಿ. ಇದು ತಂದಾಗಿನಿಂದ ಕಿರಿಕಿರೀನಽ ಇತ್ತು."

ವ್ಯಾಪಾರಿ ಹಾರವನ್ನು ಬೆನ್ನ ಹಿಂದೆ ಮರೆಮಾಡಿದರು. ಸಾಹುಕಾರರು ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು: "ಮತ್ತ, ಹಳೇದನ್ನ ನೀವಽ ಒಯ್ದು ರೇಟಿನ್ಯಾಗ ಮುರಕೋರಿ."

ರೊಟ್ಟಿ ನಾಪಾಸು

ಪಂಪಿನೊಳಗೆ ಕೂಡುವ ಉಕ್ಕಿನ ದುಂಡು ಬಿಲ್ಲೆ ಮಾಡುವುದು ನಮ್ಮ ಕಾರ್ಖಾನೆಯ ಕೆಲಸ. ಫ್ರಾನ್ಸಿನ ಒಂದು ಕಂಪನಿ ಅವನ್ನು ಕೊಳ್ಳಲು ಮುಂದೆ ಬಂತು. ಅವರ ಇಂಜಿನಿಯರು ಬಂದು, ಬಿಲ್ಲೆ ಪರೀಕ್ಷಿಸಿ, ಸಹಿ ಮಾಡಿದರೆ ಆರ್ಡರು. ಮಾಡದಿದ್ದರೆ, ತಂದ ಯಂತ್ರಗಳನ್ನೆಲ್ಲ ಗುಜರಿಗೆ ತೂಕಕ್ಕೆ ಹಾಕಬೇಕು. ಸಾಹುಕಾರರಿಗೆ ನಿದ್ದೆ ಇರಲಿಲ್ಲ.

ಇಂಜಿನಿಯರ ಪತ್ರ ಬಂದಾಗ ನಾನು ಗರಗ ಎಂಬ ಊರಿಗೆ ಒಂದು ಮದುವೆಗೆ ಹೋಗಿದ್ದೆ. ತಂಗಿಯ ಮಗ ಫೋನನ್ನು ಕೇಳಿದ. ಫ್ರೆಂಚಿನಲ್ಲಿ 'ರೆಸೆತ್' ಅಂದರೆ ಮಾಲಿನ ಪರೀಕ್ಷೆಯೂ ಹೌದು, ಅಡುಗೆ ಮಾಡುವ ವಿಧಾನವೂ ಹೌದು. ಆ ಕಂಪನಿಯವರು ಬಿಲ್ಲೆಗೆ 'ಗಲೆತ್' ಅನ್ನುತ್ತಿದ್ದರು. ರೊಟ್ಟಿಯಂಥದ್ದಕ್ಕೂ ಅದೇ ಮಾತು. ಫೋನು ಹೇಳಿತು: 'ಅಡುಗೆಯ ವಿಧಾನಕ್ಕಾಗಿ ಬರುತ್ತಿದ್ದೇನೆ. ಇಡೀ ದಿನ ಬೇಕು. ರೊಟ್ಟಿಗಳು ಸಿದ್ಧವಿರಲಿ. ದುಂಡಗಿರಬೇಕು.'

"ಪಾಪ, ಅಷ್ಟು ದೂರದಿಂದ ರೊಟ್ಟಿ ಕಲಿಯಾಕ ಬರಾಕತ್ತಾನ" ಎಂದರಂತೆ ಸಾಹುಕಾರರು. ಸುಳ್ಳ ಎಂಬ ಹಳ್ಳಿಯಿಂದ ತಮ್ಮ ಸೋದರತ್ತೆಯನ್ನು ಕರೆಸಿದರು. ಅತ್ತೆ ತಮ್ಮ ಹಂಚು, ತಮ್ಮ ಹಿಟ್ಟು ತಂದರು. ಯಂತ್ರದ ಪಕ್ಕದಲ್ಲೇ ಒಲೆ ಹೂಡಿದರು.

ಗರಗದ ಬಸ್ಸಿಳಿದು ನಾನು ಕಾರ್ಖಾನೆಗೆ ಬಂದಾಗ ಒಳಗೆ ಪಟಪಟ ಸಪ್ಪಳ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಹೆಲ್ಮೆಟ್ಟು, ಕನ್ನಡಕ, ದಪ್ಪ ಬೂಟು ಹಾಕಿದ್ದ ಎತ್ತರದ ಫ್ರೆಂಚ್ ಇಂಜಿನಿಯರು ಸ್ಟೂಲಿನ ಮೇಲೆ ಕೂತು, ಜೋಳದ ರೊಟ್ಟಿಯೊಂದನ್ನು ಉಕ್ಕಿನ ಅಳತೆ ಇಕ್ಕಳದಲ್ಲಿ ಹಿಡಿದಿದ್ದರು.

"ಮೇಡಂ, ಗಲೆತ್ ಎಲ್ಲಿ ಎಂದು ಕೇಳಿದೆ, ಇವನ್ನು ತೋರಿಸಿದರು" ಎಂದರು ನನಗೆ ಫ್ರೆಂಚಿನಲ್ಲಿ. "ಉಕ್ಕಿನ ಹಾಗೆ ಕಾಣುವುದಿಲ್ಲ. ಆದರೆ ನನ್ನ ಕೆಲಸ ಅಳೆಯುವುದು."

ಅಳೆದು ಮುಗಿಸಿದ್ದರು. ವರದಿಯೂ ಆಗಿತ್ತು: ಅಗಲ ಒಂದೊಂದರದು ಒಂದೊಂದು. ದಪ್ಪ ಒಂದೇ ಸಮ ಇಲ್ಲ. ಮೇಲೆಲ್ಲ ಸುಟ್ಟ ಕಪ್ಪು ಚುಕ್ಕೆ. ಬಗ್ಗಿಸಿದರೆ ಮುರಿಯುತ್ತದೆ. ನಾಪಾಸು. ಆ ವರದಿ ಅವರ ಕೈಯ ಟ್ಯಾಬಿನಿಂದ ಫ್ರಾನ್ಸಿಗೆ ಹೋಗಿಯೂ ಆಗಿತ್ತು. ಕೆಂಪು ಗುರುತು ನೋಡಿ ಸಾಹುಕಾರರು ಹಿಟ್ಟಿನ ಚೀಲದ ಮೇಲೆ ಕೂತರು.

"ಏನಂತಾನ ಅವಾ?" ಎಂದರು ಅತ್ತೆ.

"ಅದು... ಕರಿ ಚುಕ್ಕಿ ಅದಾವಂತ್ರಿ. ನಾಪಾಸು ಮಾಡ್ಯಾರ."

"ನನ್ನ ರೊಟ್ಟಿ? ನಾಪಾಸು? ನಮ್ಮ ಅತ್ತಿ ಸುದ್ದಾ ನಾಪಾಸ್ ಮಾಡಿರಲಿಲ್ಲವಾ!"

ನಾನು ಇಂಜಿನಿಯರಿಗೆ ಪರಿಪರಿಯಾಗಿ ವಿವರಿಸಿ ಯಂತ್ರದ ಹತ್ತಿರ ಕರೆದೊಯ್ದೆ. ಚಾಚಾ ಗುಂಡಿ ಒತ್ತಿದ. ಉಕ್ಕಿನ ಬಿಲ್ಲೆಗಳು ಸಾಲಾಗಿ ಬಿದ್ದವು. ಅವರು ಅಳೆದರು, ತಲೆಯಾಡಿಸಿದರು, ಸಹಿ ಮಾಡಿದರು. ಆಮೇಲೆ ಹೆಲ್ಮೆಟ್ಟು ತೆಗೆದಿಟ್ಟು, ಬದನೆಕಾಯಿ ಪಲ್ಯದ ಜೊತೆ ನಾಪಾಸಾದ ಮಾಲನ್ನೆಲ್ಲ ತಿಂದು ಮುಗಿಸಿದರು.

ಎಲ್ಲ ಮುಗಿಯಿತು ಎಂದುಕೊಂಡೆವು. ವಾರದ ಮೇಲೆ ಫ್ರಾನ್ಸಿನ ಕ್ವಾಲಿಟಿ ವಿಭಾಗದಿಂದ ಇನ್ನೊಂದು ಪತ್ರ. 'ನಾಪಾಸಾದ ಮೊದಲ ಲಾಟಿನ ಸುಟ್ಟ ಚುಕ್ಕೆಗಳಿಗೆ ಕಾರಣವೇನು? ತಯಾರಿಸಿದವರಿಂದಲೇ ಲಿಖಿತ ವಿವರಣೆ ಬೇಕು. ಬರುವ ತನಕ ಆರ್ಡರು ತಡೆಹಿಡಿಯಲಾಗಿದೆ.' ಅದು ರೊಟ್ಟಿ ಎಂದು ನಾನು ಬರೆದೆ. ಎರಡು ಸಲ ಬರೆದೆ. ರೊಟ್ಟಿಗೆ ನನಗೆ ಸಿಕ್ಕ ಫ್ರೆಂಚ್ ಮಾತೂ ಗಲೆತ್ ಒಂದೇ. 'ಗಲೆತ್ ಎಂದು ನಮಗೂ ಗೊತ್ತು. ವಿವರಣೆ ಕಳಿಸಿ' ಎಂದೇ ಉತ್ತರ ಬಂತು.

ಬೇರೆ ದಾರಿ ಕಾಣದೆ ಸಾಹುಕಾರರು ನನ್ನನ್ನು ಕಾರಿನಲ್ಲಿ ಸುಳ್ಳಕ್ಕೆ ಕರೆದೊಯ್ದರು. ಅತ್ತೆ ಕಟ್ಟೆಯ ಮೇಲೆ ಕೂತು ಹೇಳಿದರು: "ಬರಕೋ. ಚುಕ್ಕಿ ಬೀಳಲಿಲ್ಲಂದ್ರ ರೊಟ್ಟಿ ಬೆಂದಿಲ್ಲ ಅಂತ ಅರ್ಥ. ಬೇಯಲಾರದ್ದು ತಿಂದು ಹೊಟ್ಟಿಬ್ಯಾನಿ ಹತ್ತಿದ್ರ ನನ್ನ ಕಡೆ ಬರಬ್ಯಾಡ. ಮತ್ತ ಬರೂಮುಂದ ಆ ಇಕ್ಕಳಾ ನಿಮ್ಮ ಮನ್ಯಾಗ ಇಟ್ಟು ಬಾ."

ನಾನು ಒಂದಕ್ಷರ ಬಿಡದೆ, ಆದರೆ ಕಂಪನಿಗಳ ಭಾಷೆಯಲ್ಲಿ, ಫ್ರೆಂಚಿನಲ್ಲೂ ಇಂಗ್ಲಿಷಿನಲ್ಲೂ ಬರೆದೆ: 'ಸದರಿ ಚುಕ್ಕೆಗಳು ದೋಷವಲ್ಲ, ಮಾಲಿಗೆ ಕಾವು ಪೂರ್ತಿ ತಗುಲಿದ್ದರ ಗುರುತು. ಅವಿಲ್ಲದ ಮಾಲಿನಿಂದ ಬಳಕೆದಾರರಿಗೆ ಆಗುವ ತೊಂದರೆಗೆ ನಾವು ಹೊಣೆಯಲ್ಲ. ಮುಂದಿನ ಪರೀಕ್ಷೆಗೆ ಅಳತೆಯ ಸಾಧನ ತರುವ ಅಗತ್ಯವಿಲ್ಲ.'

ಮೂರನೆಯ ದಿನ ಉತ್ತರ ಬಂತು. ಸಾಹುಕಾರರು ಕಣ್ಣು ಮುಚ್ಚಿಕೊಂಡು, "ಓದ್ರಿ ಬಾಯಾರ" ಅಂದರು. ಓದಿದೆ.

'ವಿವರಣೆ ತೃಪ್ತಿಕರವಾಗಿದೆ. ಆರ್ಡರು ಮುಂದುವರಿಸಿ. ಇನ್ನು ಮೇಲೆ ನೀವು ಕಳಿಸುವ ಪ್ರತಿಯೊಂದು ಬಿಲ್ಲೆಯ ಮೇಲೂ ಆ ಕಪ್ಪು ಚುಕ್ಕೆಗಳು ಇರಲೇಬೇಕು.'

ಈಗ ಪ್ರತಿ ಲಾಟು ಪ್ಯಾಕಾಗುವ ಮೊದಲು ಸುಳ್ಳಕ್ಕೆ ಕಾರು ಹೋಗುತ್ತದೆ. ಅತ್ತೆ ಹಂಚು ಹಿಡಿದುಕೊಂಡು ಬಂದು, ಒಲೆ ಮುಂದೆ ಕೂತು, ಉಕ್ಕಿನ ಬಿಲ್ಲೆಗಳನ್ನು ಒಂದೊಂದಾಗಿ ಹಾಕಿ, ತಿರುವಿ ಹಾಕಿ, ಚುಕ್ಕೆ ಬಿದ್ದ ಮೇಲೆ ತೆಗೆಯುತ್ತಾರೆ. ಇದುವರೆಗೆ ಒಂದೂ ನಾಪಾಸಾಗಿಲ್ಲ. ಅತ್ತೆಗೆ ಮಾತ್ರ ಸಮಾಧಾನವಿಲ್ಲ. ಮೊನ್ನೆಯೂ ನನ್ನನ್ನು ಹತ್ತಿರ ಕರೆದು, ಹಂಚಿನ ಮೇಲಿನ ಬಿಲ್ಲೆಯನ್ನು ಬಟ್ಟೆಯಿಂದ ಒತ್ತಿ ಒತ್ತಿ ತೋರಿಸಿ ಹೇಳಿದರು:

"ಬೇಯೂದೇನೋ ಛಲೋ ಬೇಯ್ತಾವ ನೋಡವಾ. ಆದ್ರ ಏನ್ ಮಾಡಿದ್ರೂ ಉಬ್ಬವಲ್ವು."